ಹೊಲದ ಗುಡಿಸಲಿನ ಬ್ಯಾಟರಿಯನ್ನು ಉಪವಾಸ ಕೆಡವಬೇಡಿ



ಕಳೆದ ಮಳೆಗಾಲದ ಒಂದು ಭಾನುವಾರ ಮಕ್ತಲ್ ಕಡೆಯ ಉಪಕೇಂದ್ರದಲ್ಲಿ ಬಲಿಪೂಜೆ ಮುಗಿಸಿ ನಾವು ಹೊರಗೆ ಬಂದಾಗ ಬೇವಿನ ಮರದ ಕೆಳಗೆ ಒಬ್ಬ ರೈತರು ಕಾಯುತ್ತ ನಿಂತಿದ್ದರು. ಅವರ ಪಕ್ಕದಲ್ಲಿ ಸೈಕಲ್ಲು, ಸೈಕಲ್ಲಿನ ಕ್ಯಾರಿಯರಿನ ಮೇಲೆ ಹಗ್ಗದಿಂದ ಬಿಗಿದ ಒಂದು ಬ್ಯಾಟರಿ. "ಫಾದರ್, ಇದೂ ಸತ್ತದ್ರಿ. ಎರಡು ವರ್ಷದಾಗ ಮೂರನೇದು. ಏನರ ಮಂತ್ರಿಸಿ ಕೊಡ್ರಿ" ಎಂದರು. ಅರ್ಧ ನಗೆ, ಅರ್ಧ ಅಳು. ಆಶೀರ್ವಾದ ಮಾಡುವುದು ನಮ್ಮ ಕೆಲಸವೇ, ಅದಕ್ಕೆ ಅಡ್ಡಿಯಿಲ್ಲ. ಆದರೆ ಮೊದಲು ನಿಮ್ಮ ಗುಡಿಸಲನ್ನು ನೋಡೋಣ ನಡೆಯಿರಿ ಎಂದೆವು.

ಇವರ ಹೊಲ ಊರಿನಿಂದ ಎರಡು ಮೈಲಿ ಆಚೆ, ಕೃಷ್ಣಾ ನದಿಯ ಕಡೆಗೆ. ಶೇಂಗಾ, ತೊಗರಿ, ಒಂದಷ್ಟು ಜೋಳ. ನಮ್ಮ ಸೀಮೆಯಲ್ಲಿ ಹೊಲ ಇದ್ದವರಿಗೆ ಹೇಳಬೇಕಾದ್ದಿಲ್ಲ, ಕಾಳು ಕಟ್ಟುವ ಹೊತ್ತಿಗೆ ಕತ್ತಲಾದರೆ ಕಾಡುಹಂದಿ, ಬೆಳಗಿನ ಜಾವಕ್ಕೆ ಚಿಗರಿಯ ಹಿಂಡು. ಆದ್ದರಿಂದ ಮೂರು ನಾಲ್ಕು ತಿಂಗಳು ಗಂಡ ಹೆಂಡತಿ ಹೊಲದ ಗುಡಿಸಲಿನಲ್ಲಿಯೇ ಮಲಗುತ್ತಾರೆ. ಕರೆಂಟಿನ ಕಂಬ ಅಲ್ಲಿಂದ ದೂರ. ತೆಲಂಗಾಣದಲ್ಲಿ 2018ರ ಜನವರಿ 1ರಿಂದ ಕೃಷಿಗೆ 24 ಗಂಟೆ ಉಚಿತ ವಿದ್ಯುತ್ತು ಎಂದು ಸಾರಿದಾಗ ಎಲ್ಲರಂತೆ ಇವರೂ ಸಂತೋಷಪಟ್ಟರು. ಆದರೆ ಆ ತಂತಿ ಬೋರುಗಳ ಕಡೆಗೆ ಹೋಯಿತೇ ಹೊರತು ಮಳೆಯಾಧಾರದ ಈ ಹೊಲದ ಕಡೆಗೆ ಬರಲಿಲ್ಲ. ಕಂಬಕ್ಕೆ ಕೊಕ್ಕೆ ಹಾಕಿ ತಂತಿ ಎಳೆಯುವವರು ಇದ್ದಾರೆ. ಅಂಥವರಿಗೆ ನಾವು ಪೀಠದಿಂದಲೇ ಹೇಳಿದ್ದೇವೆ, ಇಲ್ಲಿಯೂ ಹೇಳುತ್ತೇವೆ: ಒದ್ದೆ ನೆಲದಲ್ಲಿ ಅದು ಮನೆಯವರನ್ನೇ ಮೊದಲು ಬಲಿ ತೆಗೆದುಕೊಳ್ಳುತ್ತದೆ.

ಹಾಗಾಗಿ ಇವರು ಸಾಲ ಮಾಡಿ 40 ವ್ಯಾಟಿನ ಸೋಲಾರ್ ಪ್ಯಾನೆಲ್ ತಂದರು, ಟ್ರ್ಯಾಕ್ಟರಿನ ಒಂದು ಹಳೆಯ ಬ್ಯಾಟರಿ ತಂದರು, ಎರಡು ಎಲ್.ಇ.ಡಿ. ದೀಪ ಕಟ್ಟಿದರು. ಐದು ತಿಂಗಳು ನಡೆಯಿತು. ಆಮೇಲೆ ಸಂಜೆ ಏಳಕ್ಕೆ ಹತ್ತಿಸಿದ ದೀಪ ಎಂಟಕ್ಕೆ ಮಂಕಾಗತೊಡಗಿತು. ಅಂಥ ಒಂದು ರಾತ್ರಿ ಅವರ ಹೆಂಡತಿ ಹೊರಗೆ ಹೋಗಲೆಂದು ಕತ್ತಲಲ್ಲಿ ಕಾಲಿಟ್ಟದ್ದು ಕೊಳಕುಮಂಡಲದ ಮೇಲೆ. ತೆಲುಗಿನವರು ರಕ್ತಪಿಂಜರ ಎನ್ನುವ ಹಾವು ಅದು. ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸಿಕ್ಕಿತು, ಔಷಧಿ ಸಿಕ್ಕಿತು, ತಾಯಿ ಉಳಿದರು. ಆದರೆ ಹನ್ನೊಂದು ದಿನ ಹಾಸಿಗೆ, ಮತ್ತೆ ಸಾಲ. ಭಾರತದಲ್ಲಿ 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತರೆಂದು 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಲೆಕ್ಕ ಹಾಕಿದೆ. ಸತ್ತವರಲ್ಲಿ ಬಹುಪಾಲು ನಮ್ಮಂಥ ಹಳ್ಳಿಗಳವರು, ಮಳೆಗಾಲದ ತಿಂಗಳುಗಳಲ್ಲಿ. ಗುಡಿಸಲಿನ ದೀಪವನ್ನು ನಾವು ಈ ಪುಟದಲ್ಲಿ ಆರೋಗ್ಯದ ವಿಷಯವೆಂದೇ ಬರೆಯುತ್ತಿರುವುದು ಇದಕ್ಕಾಗಿ.

ಗುಡಿಸಲಿಗೆ ಹೋಗಿ ನೋಡಿದೆವು. ಪ್ಯಾನೆಲ್ಲನ್ನು ಚಪ್ಪರದ ಮೇಲೆ ಪೂರ್ವಕ್ಕೆ ಮುಖ ಮಾಡಿ ಕಟ್ಟಿದ್ದರು, ಬಾಗಿಲು ಪೂರ್ವಕ್ಕಿದೆ ಎಂಬ ಕಾರಣಕ್ಕೆ. ಮಧ್ಯಾಹ್ನ ಎರಡರ ಮೇಲೆ ಬೇವಿನ ನೆರಳು ಅದರ ಅರ್ಧ ಭಾಗವನ್ನು ಮುಚ್ಚುತ್ತಿತ್ತು. ಗಾಜಿನ ಮೇಲೆ ಬೆರಳಿನಿಂದ ಹೆಸರು ಬರೆಯಬಹುದಾದಷ್ಟು ಧೂಳು. ಬ್ಯಾಟರಿಯ ಗುಂಡಿಗಳ ಮೇಲೆ ಹಸಿರು ಬಿಳಿ ಬೂಸಲು. ಮುಚ್ಚಳ ತೆರೆದರೆ ಒಳಗಿನ ಪ್ಲೇಟುಗಳು ನೀರಿನ ಮೇಲೆ ತಲೆ ಎತ್ತಿಕೊಂಡಿದ್ದವು. ಕಡಿಮೆಯಾದಾಗೆಲ್ಲ ಬೋರಿನ ನೀರು ಹಾಕಿದ್ದೆವು ಎಂದರು. ಇವೆಲ್ಲ ತಪ್ಪುಗಳೇ. ಆದರೆ ಬ್ಯಾಟರಿಯನ್ನು ಕೊಂದದ್ದು ಇವುಗಳಿಗಿಂತ ದೊಡ್ಡದೊಂದು ತಪ್ಪು. ಅದು ಹಸಿವು.

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸೀಸ ಮತ್ತು ಗಂಧಕಾಮ್ಲದ ಬ್ಯಾಟರಿಯನ್ನು 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಎಂಬ ವಿಜ್ಞಾನಿ ಕಂಡುಹಿಡಿದರು. ಇಂದಿಗೂ ಅದರ ಮೂಲಗುಣ ಬದಲಾಗಿಲ್ಲ. ನಾವು ದೀಪ ಹತ್ತಿಸಿದಾಗ ಆಮ್ಲದಲ್ಲಿರುವ ಗಂಧಕದ ಅಂಶ ಪ್ಲೇಟುಗಳಿಗೆ ಅಂಟಿಕೊಂಡು ಸೀಸದ ಸಲ್ಫೇಟು ಎಂಬ ಬಿಳಿ ಪದರವಾಗುತ್ತದೆ, ಆಮ್ಲ ತೆಳುವಾಗುತ್ತದೆ. ಚಾರ್ಜು ಮಾಡಿದಾಗ ಆ ಪದರ ಕರಗಿ ಮತ್ತೆ ಆಮ್ಲಕ್ಕೆ ಸೇರುತ್ತದೆ. ಅಂದಂದಿನ ಪದರ ಮೃದುವಾಗಿರುತ್ತದೆ, ಬೇಗ ಕರಗುತ್ತದೆ. ವಾರಗಟ್ಟಲೆ ಹಾಗೆಯೇ ಬಿಟ್ಟರೆ ಹರಳುಗಟ್ಟುತ್ತದೆ. ಊಟದ ಗಂಗಾಳವನ್ನು ಆಗಲೇ ತೊಳೆದರೆ ನೀರಿಗೇ ಹೋಗುತ್ತದೆ, ಮೂರು ದಿನ ಒಣಗಿಸಿದರೆ ಕಲ್ಲಿನಿಂದ ಉಜ್ಜಿದರೂ ಹೋಗುವುದಿಲ್ಲ, ಅದೇ ಲೆಕ್ಕ. ಹರಳುಗಟ್ಟಿದ ಅಷ್ಟು ಜಾಗ ಬ್ಯಾಟರಿಯಲ್ಲಿ ಸತ್ತಂತೆ. ಪೂರ್ತಿ ತುಂಬದೆ ಅರೆಹೊಟ್ಟೆಯಲ್ಲಿ ದಿನ ತಳ್ಳುವ ಬ್ಯಾಟರಿ ಪ್ರತಿ ವಾರ ಇಷ್ಟಿಷ್ಟೇ ಸಾಯುತ್ತಿರುತ್ತದೆ, ಮೇಲೆ ನೋಡುವವರಿಗೆ ಗೊತ್ತಾಗುವುದಿಲ್ಲ.

ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಒಂದು ಉಪಕೇಂದ್ರದ ಪ್ರಾರ್ಥನಾಲಯಕ್ಕೆ ದಾನಿಗಳು ಹೊಸ ಬ್ಯಾಟರಿ ಕೊಟ್ಟಿದ್ದರು. ಕ್ರಿಸ್ಮಸ್ ರಾತ್ರಿ ದೀಪಮಾಲೆ, ಮೈಕು ಎಲ್ಲವನ್ನೂ ಅದಕ್ಕೇ ಜೋಡಿಸಿ ಬೆಳಗಿನವರೆಗೆ ಓಡಿಸಿದೆವು. ಮರುವಾರ ಮಾಡು ರಿಪೇರಿ ಎಂದು ಪ್ಯಾನೆಲ್ಲನ್ನು ಕೆಳಗಿಳಿಸಿದರು. ಬ್ಯಾಟರಿ ಬರಿದಾಗಿಯೇ ಮೂಲೆಯಲ್ಲಿ ಕುಳಿತಿತು. ಬೂದಿ ಬುಧವಾರ ಜೋಡಿಸಿದರೆ ಬಲ್ಬು ಕೆಂಪಗೂ ಆಗಲಿಲ್ಲ. ತಪಸ್ಸುಕಾಲದ ಉಪವಾಸವನ್ನು ನಮಗಿಂತ ಮೊದಲೇ ಅದು ಆರಂಭಿಸಿಬಿಟ್ಟಿತ್ತು. ಉಪದೇಶಿಗಳು ಪಾಪ, ನಮ್ಮ ಮುಖ ನೋಡಿ ಏನೂ ಹೇಳಲಿಲ್ಲ. ಆದ್ದರಿಂದ ಕೊಯ್ಲು ಮುಗಿದು ಗುಡಿಸಲು ಬಿಟ್ಟು ಊರಿಗೆ ಬರುವವರು ಬ್ಯಾಟರಿಯನ್ನು ಪೂರ್ತಿ ತುಂಬಿಸಿ, ತಂತಿ ಬಿಚ್ಚಿ, ತಂಪು ಜಾಗದಲ್ಲಿಡಬೇಕು. ಸುಮ್ಮನಿದ್ದರೂ ಅದು ತಾನಾಗಿ ಇಳಿಯುತ್ತದೆ, ಬಿಸಿಲುಗಾಲದಲ್ಲಿ ಇನ್ನೂ ಬೇಗ. ತಿಂಗಳಿಗೊಮ್ಮೆಯಾದರೂ ಮತ್ತೆ ತುಂಬಿಸಬೇಕು.

ಈಗ ಹಸಿವಿನ ಲೆಕ್ಕಕ್ಕೆ ಬರೋಣ. ಕಂಪನಿಯ ಚೀಟಿಗಳಲ್ಲಿ ಇಂಗ್ಲಿಷು, ಹಿಂದಿ, ಕೆಲವೊಮ್ಮೆ ತೆಲುಗು ಇರುತ್ತದೆ. ಕನ್ನಡ ಓದಿ ಬೆಳೆದ ನಮ್ಮ ಹಿರಿಯರಿಗೆ ಅದು ಉಪಯೋಗಕ್ಕೆ ಬಾರದು. ಗದ್ವಾಲ ತಾಲೂಕು 1956ರವರೆಗೆ ರಾಯಚೂರು ಜಿಲ್ಲೆಯಲ್ಲಿತ್ತು ಎಂಬುದನ್ನು ಬ್ಯಾಟರಿ ಕಂಪನಿಯವರಿಗೆ ಯಾರು ಹೇಳಬೇಕು! ಇರಲಿ. ಬ್ಯಾಟರಿಯ ಹೊಟ್ಟೆಯನ್ನು ಆಂಪಿಯರ್-ಗಂಟೆ ಎಂಬ ಅಳತೆಯಲ್ಲಿ ಹೇಳುತ್ತಾರೆ, ಅಂಗಡಿಯವರು 'ಎ.ಎಚ್.' ಎನ್ನುವುದು ಇದನ್ನೇ. ನಾವು ಸುಲಭಕ್ಕೆ ಸೇರು ಎನ್ನೋಣ. 40 ಎ.ಎಚ್. ಬ್ಯಾಟರಿ ಎಂದರೆ 40 ಸೇರು ಹಿಡಿಯುವ ಚೀಲ. ಆದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ತೆಗೆಯಬಾರದು. ತೆಗೆದರೆ ಅಂದು ದೀಪವೇನೋ ಹತ್ತುತ್ತದೆ, ಬ್ಯಾಟರಿಯ ಆಯುಸ್ಸು ಕರಗುತ್ತದೆ.

ತೆಗೆಯುವುದು ಎಷ್ಟು? 5 ವ್ಯಾಟಿನ ಎರಡು ದೀಪ ಸಂಜೆಯಿಂದ ಐದು ಗಂಟೆ ಉರಿದರೆ 50 ವ್ಯಾಟ್-ಗಂಟೆ. ಒಂದು ಫೋನು ತುಂಬಿಸಲು ಇನ್ನೊಂದು ಹತ್ತು. ಒಟ್ಟು 60. ಬ್ಯಾಟರಿ 12 ವೋಲ್ಟಿನದಾದ್ದರಿಂದ 60ನ್ನು 12ರಿಂದ ಭಾಗಿಸಿದರೆ 5 ಸೇರು. ತಿರುಗಿ ಹಾಕುವಾಗ ಸ್ವಲ್ಪ ಸೋರಿಕೆ ಇರುತ್ತದೆ, ಆದ್ದರಿಂದ 6 ಸೇರು ಹಾಕಬೇಕು. ಬರುವುದು ಎಷ್ಟು? 40 ವ್ಯಾಟಿನ ಪ್ಯಾನೆಲ್ ಒಳ್ಳೆಯ ಬಿಸಿಲಿನಲ್ಲಿ ಗಂಟೆಗೆ 2 ಸೇರಿಗೆ ತುಸು ಮೇಲೆ ಕೊಡುತ್ತದೆ. ಹಗಲು ಹನ್ನೆರಡು ಗಂಟೆಯಾದರೂ ಗಟ್ಟಿ ಬಿಸಿಲಿನ ಲೆಕ್ಕಕ್ಕೆ ಸಿಗುವುದು ಐದೇ ಗಂಟೆ. ಹೀಗೆ ದಿನಕ್ಕೆ 11 ಸೇರು. ಆರು ಬೇಕು, ಹನ್ನೊಂದು ಬರುತ್ತದೆ. ಈ ಗುಡಿಸಲು ಸುಖವಾಗಿ ನಡೆಯಬೇಕಿತ್ತು.

ನಡೆಯಲಿಲ್ಲ ಏಕೆಂದರೆ ಲೆಕ್ಕ ಹಾಗಿರಲಿಲ್ಲ. ಹಂದಿ ಬರುತ್ತದೆಂದು ಎರಡೂ ದೀಪ ರಾತ್ರಿಯಿಡೀ ಉರಿಯುತ್ತಿದ್ದವು, ಹನ್ನೊಂದು ಗಂಟೆ: 110 ವ್ಯಾಟ್-ಗಂಟೆ. ಅಕ್ಕಪಕ್ಕದ ಹೊಲದವರೆಲ್ಲ ಫೋನು ತಂದು ಹಚ್ಚುತ್ತಿದ್ದರು, ಆರು ಫೋನು: 60, 70. ಹಾಡಿನ ಡಬ್ಬಿ ನಾಲ್ಕು ಗಂಟೆ: 40. ಒಟ್ಟು 220, ಅಂದರೆ 18 ಸೇರು ಖರ್ಚು. ನೆರಳು, ಧೂಳು, ಪೂರ್ವ ದಿಕ್ಕು ಎಲ್ಲ ಸೇರಿ ಪ್ಯಾನೆಲ್ಲಿನಿಂದ ಬರುತ್ತಿದ್ದುದು ಆರು ಏಳು ಸೇರಿದ್ದರೆ ಹೆಚ್ಚು. ಇಂಥ ಸಂಸಾರ ಎಷ್ಟು ದಿನ ನಡೆದೀತು? "ನೆರೆಯವರಿಗೆ ಇಲ್ಲ ಅನ್ನೋದು ಹ್ಯಾಂಗ್ರಿ ಫಾದರ್" ಎಂದು ಅವರು ಕೇಳಿದಾಗ ನಮಗೆ ಉತ್ತರ ತಕ್ಷಣ ಹೊಳೆಯಲಿಲ್ಲ, ಒಪ್ಪಿಕೊಳ್ಳುತ್ತೇವೆ. ಕೊನೆಗೆ ಹೀಗೆ ಗೊತ್ತು ಮಾಡಿದೆವು: ಫೋನು ಮಧ್ಯಾಹ್ನ ಹನ್ನೆರಡರಿಂದ ಮೂರರೊಳಗೆ, ಬಿಸಿಲಿದ್ದ ದಿನ ಮಾತ್ರ. ಆಗ ಬಿಸಿಲೇ ಆ ಖರ್ಚನ್ನು ಹೊರುತ್ತದೆ, ಬ್ಯಾಟರಿಯ ಗಂಟಿಗೆ ಕೈ ಹಾಕುವುದಿಲ್ಲ. ರಾತ್ರಿಯಿಡೀ ಉರಿಯಲು ಒಂದು ವ್ಯಾಟಿನ ಸಣ್ಣ ದೀಪ ಬಾಗಿಲ ಬಳಿ. 5 ವ್ಯಾಟಿನವು ಊಟದ ಹೊತ್ತಿಗೆ. ಹಂದಿಗೆ ದೀಪಕ್ಕಿಂತ ತಗಡು ಬಡಿಯುವ ಸದ್ದಿನ ಭಯವೇ ಹೆಚ್ಚು ಎಂಬುದು ಅವರದೇ ಅನುಭವ.

ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನು ಹೇಳಲೇಬೇಕು. ಬ್ಯಾಟರಿ ಸಾಲುತ್ತಿಲ್ಲ, ಇನ್ನೂ ದೊಡ್ಡದು ತರೋಣ ಎಂದು ನಮ್ಮಲ್ಲಿ ಹಲವರು ಸಾಲ ಮಾಡುತ್ತಾರೆ. ಹಗೇವು ದೊಡ್ಡದು ತೋಡಿದ ಮಾತ್ರಕ್ಕೆ ಜೋಳ ಹೆಚ್ಚು ಬೆಳೆಯುತ್ತದೆಯೇ? ಅದೇ ಪ್ಯಾನೆಲ್ಲಿಗೆ ದೊಡ್ಡ ಬ್ಯಾಟರಿ ಹಚ್ಚಿದರೆ ಅದು ಎಂದೂ ತುಂಬದೆ ಸಣ್ಣದಕ್ಕಿಂತ ಬೇಗ ಹಾಳಾಗುತ್ತದೆ. ಕೈಯಲ್ಲಿ ದುಡ್ಡಿದ್ದರೆ ಮೊದಲು ಪ್ಯಾನೆಲ್ ದೊಡ್ಡದು ಮಾಡಿ. ವಾರಕ್ಕೆ ಒಂದು ಸಲವಾದರೂ ಬ್ಯಾಟರಿ ಪೂರ್ತಿ ತುಂಬಬೇಕು. ತುಂಬುವುದಿಲ್ಲವೆಂದರೆ ಖರ್ಚು ಇಳಿಸಬೇಕು ಅಥವಾ ಪ್ಯಾನೆಲ್ ಏರಿಸಬೇಕು, ಮೂರನೆಯ ದಾರಿ ಇಲ್ಲ. ಟ್ರ್ಯಾಕ್ಟರಿನ ಹಳೆಯ ಬ್ಯಾಟರಿ ಅಗ್ಗಕ್ಕೆ ಸಿಗುತ್ತದೆ ನಿಜ. ಆದರೆ ಅದು ಇಂಜಿನ್ನನ್ನು ಒಂದು ಕ್ಷಣ ಜೋರಾಗಿ ತಿರುಗಿಸಲು ಮಾಡಿದ್ದು, ತೆಳುವಾದ ಪ್ಲೇಟುಗಳು. ರಾತ್ರಿಯಿಡೀ ನಿಧಾನವಾಗಿ ಖಾಲಿ ಮಾಡುವ ಕೆಲಸಕ್ಕೆ ಟ್ಯೂಬ್ಯುಲರ್ ಎಂಬ ಬಗೆಯೇ ತಾಳುತ್ತದೆ. ಈಚೆಗೆ ಲಿಥಿಯಂ ಬ್ಯಾಟರಿಗಳೂ ಬಂದಿವೆ; ನೀರು ಹಾಕುವ ಕೆಲಸವಿಲ್ಲ, ಹಗುರ, ಅರೆಹೊಟ್ಟೆಯಲ್ಲಿದ್ದರೂ ಕೆಡುವುದಿಲ್ಲ. ಬೆಲೆ ಹೆಚ್ಚು, ಮತ್ತು ಅದಕ್ಕೆ ತಕ್ಕ ಚಾರ್ಜರೇ ಬೇಕು. ಸೀಸದ ಬ್ಯಾಟರಿಯ ಹಳೆಯ ಪೆಟ್ಟಿಗೆಗೆ ಜೋಡಿಸಬೇಡಿ.

ಪ್ಯಾನೆಲ್ಲಿನ ದಿಕ್ಕಿನ ವಿಷಯ. ನಾರಾಯಣಪೇಟೆ, ಮಕ್ತಲ್, ಗದ್ವಾಲ ಮೂರೂ ಭೂಮಧ್ಯರೇಖೆಯಿಂದ ಉತ್ತರಕ್ಕೆ ಹದಿನಾರು, ಹದಿನೇಳು ಡಿಗ್ರಿಯ ಒಳಗೆ ಇವೆ. ಆದ್ದರಿಂದ ವರ್ಷದ ಹೆಚ್ಚು ಕಾಲ ಸೂರ್ಯ ನಮಗೆ ದಕ್ಷಿಣಕ್ಕಿರುತ್ತಾನೆ. ಪ್ಯಾನೆಲ್ಲಿನ ಮುಖ ದಕ್ಷಿಣಕ್ಕಿರಬೇಕು. ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ಮಾತ್ರ ನಡುಹಗಲಿನ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ವಾಲುತ್ತಾನೆ. ಇದು ಹೊಸ ವಿದ್ಯೆಯೇನಲ್ಲ. ನಮ್ಮ ಕೃಷ್ಣಾ ಮಂಡಲದ ಮುಡುಮಾಲಿನಲ್ಲಿ ನಿಂತಿರುವ ಪುರಾತನ ಕಲ್ಲುಗಳನ್ನು ಮೂರು ಸಾವಿರ ವರ್ಷಗಳಿಗೂ ಹಿಂದಿನ ಜನ ಸೂರ್ಯನ ಉದಯಾಸ್ತಗಳಿಗೆ ಹೊಂದಿಸಿ ನೆಟ್ಟರೆಂದು ಪಂಡಿತರು ಹೇಳುತ್ತಾರೆ. 2025ರಲ್ಲಿ ಅದು ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿತು. ಆ ಜನಕ್ಕೆ ಗೊತ್ತಿದ್ದದ್ದು ಪ್ಯಾನೆಲ್ ಕಟ್ಟಿದ ಹುಡುಗನಿಗೆ ಗೊತ್ತಿರಲಿಲ್ಲ.

ವರ್ಷಕ್ಕೆ ಒಂದೇ ಸಲ ಕಟ್ಟಿ ಬಿಡುವವರು ಹದಿನೇಳು ಡಿಗ್ರಿಯಷ್ಟು ಓರೆ ಇಟ್ಟರೆ ಸಾಕು. ಮೂರು ಅಡಿ ಉದ್ದದ ಪ್ಯಾನೆಲ್ಲಿಗೆ ಹಿಂಬದಿ ಹತ್ತೂವರೆ ಅಂಗುಲ ಎತ್ತರ. ಇನ್ನೂ ಸ್ವಲ್ಪ ಶ್ರಮ ಪಡುವವರಿಗೆ ನಮ್ಮ ಹಬ್ಬಗಳೇ ಗುರುತು. ಸೆಪ್ಟೆಂಬರ್ 14ರ ಪವಿತ್ರ ಶಿಲುಬೆಯ ಹಬ್ಬ ಕಳೆದ ಮೇಲೆ ಹಿಂಬದಿಯನ್ನು ಒಂದೂವರೆ ಅಡಿಯವರೆಗೆ ಎತ್ತಿ, ಏಕೆಂದರೆ ಕ್ರಿಸ್ಮಸ್ ಹೊತ್ತಿಗೆ ಸೂರ್ಯ ತೀರ ದಕ್ಷಿಣಕ್ಕೆ ಇಳಿದಿರುತ್ತಾನೆ, ರಾತ್ರಿಯೂ ಉದ್ದ. ಮಾರ್ಚ್ 25ರ ಮಂಗಳವಾರ್ತೆಯ ಹಬ್ಬದ ನಂತರ ನಾಲ್ಕೈದು ಅಂಗುಲಕ್ಕೆ ಇಳಿಸಿ. ಪೂರ್ತಿ ಚಪ್ಪಟೆ ಮಾಡಬೇಡಿ, ಮಳೆನೀರು ಹರಿದು ಧೂಳು ತೊಳೆಯಲು ಅಷ್ಟು ಇಳಿಜಾರು ಬೇಕೇ ಬೇಕು. ವಾರಕ್ಕೊಮ್ಮೆ ಬೆಳಿಗ್ಗೆ, ಗಾಜು ಕಾಯುವ ಮೊದಲು, ಒದ್ದೆ ಬಟ್ಟೆಯಿಂದ ಒರೆಸಿ. ನೆರಳಿನ ವಿಷಯದಲ್ಲಿ ಕರುಣೆ ತೋರಿಸಬೇಡಿ: ಒಂದು ಟೊಂಗೆಯ ನೆರಳು ಪ್ಯಾನೆಲ್ಲಿನ ಒಂದು ಮೂಲೆಯ ಮೇಲೆ ಬಿದ್ದರೂ ಇಡೀ ಪ್ಯಾನೆಲ್ಲಿನ ಕರೆಂಟು ಕುಸಿಯುತ್ತದೆ. ಪ್ಯಾನೆಲ್ಲಿನಿಂದ ಬ್ಯಾಟರಿಗೆ ಗಂಟೆಯ ತಂತಿಯಂಥ ಸಣ್ಣ ತಂತಿ ಎಳೆಯದೆ, ಹತ್ತು ಮೀಟರ್ ದೂರಕ್ಕೆ 2.5 ಚದರ ಮಿಲಿಮೀಟರಿನ ತಾಮ್ರದ ತಂತಿ ಹಾಕಿ.

ನಡುವೆ ಚಾರ್ಜ್ ಕಂಟ್ರೋಲರ್ ಎಂಬ ಸಣ್ಣ ಡಬ್ಬಿ ಇರಲೇಬೇಕು. ಹಗಲು ಬ್ಯಾಟರಿ ಉಕ್ಕದಂತೆ ತಡೆಯುವುದೂ, ರಾತ್ರಿ ತೀರ ಬರಿದಾಗದಂತೆ ದೀಪ ಆರಿಸುವುದೂ ಅದರ ಕೆಲಸ. ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಮೊದಲು ಪ್ಯಾನೆಲ್. ಅದರ ಹಸಿರು ದೀಪವನ್ನು ಕಂಡು ಮೋಸಹೋಗಬೇಡಿ, ಎಷ್ಟೋ ಡಬ್ಬಿಗಳಲ್ಲಿ ಅದರ ಅರ್ಥ ಬಿಸಿಲು ಬರುತ್ತಿದೆ ಎಂದಷ್ಟೇ. ರಾತ್ರಿ ದೀಪ ಆರಿಸುವುದೂ ಸಾಮಾನ್ಯವಾಗಿ ಹನ್ನೊಂದೂವರೆ ವೋಲ್ಟಿನ ಹತ್ತಿರ; ಆ ಹೊತ್ತಿಗೆ ಬ್ಯಾಟರಿ ಆಗಲೇ ಬರಿದಾಗಿರುತ್ತದೆ. ಪೆಟ್ಟಿಗೆ ಆರಿಸುವವರೆಗೆ ಕಾಯದೆ ನೀವೇ ಆರಿಸಬೇಕು.

ಹೊಟ್ಟೆ ತುಂಬಿದೆಯೇ ಎಂದು ತಿಳಿಯುವುದು ಹೇಗೆ? ಕೆಲವು ನೂರು ರೂಪಾಯಿಯ ಮೀಟರು ಸಾಕು. ಬೆಳಿಗ್ಗೆ, ದೀಪ ಆರಿಸಿ ಒಂದೆರಡು ಗಂಟೆ ಕಳೆದ ಮೇಲೆ, ಪ್ಯಾನೆಲ್ಲಿಗೆ ಬಿಸಿಲು ಬೀಳುವ ಮೊದಲು ಅಳೆಯಿರಿ. 12.6 ವೋಲ್ಟು ಎಂದರೆ ತುಂಬಿದೆ. 12.2 ಎಂದರೆ ಅರ್ಧ. 11.9 ಎಂದರೆ ತಳ ಕಂಡಿದೆ. ಬಿಸಿಲಿನಲ್ಲಿ ಚಾರ್ಜಾಗುತ್ತಿರುವಾಗ 13, 14 ತೋರಿಸುತ್ತದೆ, ಅದು ಬ್ಯಾಟರಿಯ ನಿಜವಾದ ಮಾತಲ್ಲ. ನೀರು ಹಾಕುವ ಬ್ಯಾಟರಿಗೆ ಹೈಡ್ರೋಮೀಟರ್ ಇನ್ನೂ ಒಳ್ಳೆಯದು. ಆಮ್ಲವನ್ನು ಗಾಜಿನ ನಳಿಗೆಯಲ್ಲಿ ಎಳೆದು ತೇಲುವ ಬುರುಡೆಯ ಅಂಕಿ ಓದುವುದು. ಟ್ಯೂಬ್ಯುಲರ್ ತುಂಬಿದಾಗ 1.240ರ ಆಸುಪಾಸು, ಗಾಡಿಯ ಬ್ಯಾಟರಿ 1.260ರ ಆಸುಪಾಸು. ಆರು ಕೋಣೆಗಳಲ್ಲಿ ಐದು ಒಂದೇ ಅಂಕಿ ತೋರಿಸಿ ಒಂದು ಮಾತ್ರ ಬಹಳ ಕೆಳಗಿದ್ದರೆ ಆ ಕೋಣೆ ಕೆಟ್ಟಿದೆ, ಅಂಥ ಹಳೆಯ ಬ್ಯಾಟರಿಗೆ ದುಡ್ಡು ಸುರಿಯಬೇಡಿ.

ನೀರು ಎಂದರೆ ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರಿನ ನೀರಿನ ಉಪ್ಪು ಪ್ಲೇಟುಗಳಿಗೆ ವಿಷ, ಕುಡಿಯುವ ಕ್ಯಾನಿನ ನೀರೂ ಬೇಡ. ಪ್ಲೇಟುಗಳು ಮುಳುಗಿ ಮೇಲೆ ಅರ್ಧ ಅಂಗುಲ ನಿಂತರೆ ಸಾಕು. ಪ್ಲೇಟು ಬಯಲಾಗಿದ್ದರೆ ಮುಳುಗುವಷ್ಟು ಮೊದಲೇ ಹಾಕಿ, ಉಳಿದದ್ದನ್ನು ಚಾರ್ಜು ಪೂರ್ತಿಯಾದ ಮೇಲೆ ಹಾಕಿ. ಮೊದಲೇ ತುಂಬ ಹಾಕಿದರೆ ಚಾರ್ಜಾಗುವಾಗ ಉಕ್ಕಿ ಆಮ್ಲ ಹೊರಗೆ ಚೆಲ್ಲುತ್ತದೆ. ಶಕ್ತಿ ಬರುತ್ತದೆಂದು ಆಮ್ಲ ಸೇರಿಸುವ ಕೆಲಸ ಎಂದಿಗೂ ಮಾಡಬೇಡಿ, ಬೀದಿಯ ಮೆಕ್ಯಾನಿಕ್ ಹೇಳಿದರೂ ಸರಿ. ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಎರಡು ವಾರಕ್ಕೊಮ್ಮೆ ಮುಚ್ಚಳ ತೆರೆದು ನೋಡಬೇಕು. ತಗಡಿನ ಕೆಳಗೆ ಬ್ಯಾಟರಿ ಇಟ್ಟರೆ ಅದು ಬೆಂದೇ ಹೋಗುತ್ತದೆ. ಸೋಗೆ, ಹುಲ್ಲಿನ ನೆರಳಿನಲ್ಲಿ, ಗಾಳಿ ಆಡುವ ಕಡೆ, ಹಲಗೆಯ ಮೇಲೆ ಇಡಿ.

ಮಳೆಗಾಲವೇ ಪರೀಕ್ಷೆಯ ಕಾಲ. ಮೋಡ ಕವಿದ ದಿನ ಅದೇ ಪ್ಯಾನೆಲ್ 11 ಸೇರಿನ ಬದಲು ಎರಡು ಮೂರು ಸೇರು ಕೊಟ್ಟರೆ ದೊಡ್ಡದು. ಮಿತವಾಗಿ ಬಳಸುವ ಗುಡಿಸಲಿಗೂ ದಿನಕ್ಕೆ ಮೂರು ಸೇರು ಕೊರತೆ. ಐದು ದಿನ ಜಡಿಮಳೆ ಹಿಡಿದರೆ 15 ಸೇರು ಸಾಲ. ಬಿಸಿಲು ಬಂದ ಮೇಲೆ ದಿನಕ್ಕೆ ಮಿಗುವುದು ಐದು. ಸಾಲ ತೀರಲು ಮೂರು ನಾಲ್ಕು ಒಳ್ಳೆಯ ಹಗಲು ಬೇಕು. ಆ ನಾಲ್ಕು ದಿನ ಬಿಸಿಲು ಬಂತೆಂದು ಕೈ ಸಡಿಲ ಬಿಡಬಾರದು, ನಮ್ಮವರು ಎಡವುವುದು ಅಲ್ಲಿಯೇ. ನದಿ ದಂಡೆಯವರಿಗೆ ಇನ್ನೊಂದು ಮಾತು. 2009ರ ಅಕ್ಟೋಬರಿನಲ್ಲಿ ಕೃಷ್ಣಾ, ತುಂಗಭದ್ರಾ ಎರಡೂ ಉಕ್ಕಿದ್ದನ್ನು ಯಾರೂ ಮರೆತಿಲ್ಲ. ಮೇಲಿನ ಅಣೆಕಟ್ಟುಗಳಿಂದ ನೀರು ಬಿಡುತ್ತಾರೆಂಬ ಸುದ್ದಿ ಬಂದರೆ ಆ ಸಂಜೆಯಿಂದಲೇ ದೀಪ ಒಂದಕ್ಕೆ ಇಳಿಸಿ, ಬ್ಯಾಟರಿ ತುಂಬಿಟ್ಟುಕೊಂಡು, ಅದನ್ನು ಹೊತ್ತು ದಿಬ್ಬಕ್ಕೆ ಬರಲು ಸಿದ್ಧವಾಗಿರಿ.

ಮೋಡ ಬಹಳ ದಿನ ಬಿಡದಿದ್ದರೆ ಪೇಟೆಗೆ ಒಯ್ದು ಚಾರ್ಜು ಮಾಡಿಸಬಹುದು. ಅಂಗಡಿಯವರು ಅವಸರದಲ್ಲಿ ಎರಡು ಗಂಟೆಯಲ್ಲಿ ಜೋರು ಕರೆಂಟು ಕೊಟ್ಟು ಕಳಿಸುತ್ತಾರೆ. ಒಪ್ಪಬೇಡಿ. ಎ.ಎಚ್. ಹತ್ತರ ಒಂದು ಭಾಗ, ಅಂದರೆ 40 ಎ.ಎಚ್. ಬ್ಯಾಟರಿಗೆ 4 ಆಂಪಿಯರ್, ಹತ್ತು ಹನ್ನೆರಡು ಗಂಟೆ ಬೇಕು. ಬೆಳಿಗ್ಗೆ ಕೊಟ್ಟು ಸಂಜೆ ತನ್ನಿರಿ. ಟ್ರ್ಯಾಕ್ಟರಿಗೆ ಜೋಡಿಸಿ ಅರ್ಧ ಗಂಟೆ ಓಡಿಸುವುದು ಹಸಿದವನಿಗೆ ಒಂದು ಬೊಗಸೆ ಮಂಡಾಳು ಕೊಟ್ಟಂತೆ. ಹಂದಿ ತಡೆಯಲು ಝಟ್ಕಾ ಮಷಿನ್ ಹಾಕಿರುವವರು ಅದಕ್ಕೆ ಬೇರೆ ಬ್ಯಾಟರಿ ಇಡಿ. ಎರಡಕ್ಕೂ ಒಂದೇ ಎಂದರೆ ದೀಪವೂ ಇಲ್ಲ, ಬೇಲಿಯೂ ಇಲ್ಲ.

ಸೋಲಾರ್ ದೀಪಗಳು ಹಳ್ಳಿಯಲ್ಲಿ ಬಾಳುವುದಿಲ್ಲ ಎಂಬ ಮಾತನ್ನು ನಾವು ಒಪ್ಪುವುದಿಲ್ಲ. 1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಬೆಂಗಳೂರಿನಲ್ಲಿ ಆರಂಭಿಸಿದ ಸೆಲ್ಕೊ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಸಾವಿರಾರು ಮನೆಗಳಿಗೆ ಇಂಥ ದೀಪ ಕಟ್ಟಿತು. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಗ್ರಾಮೀಣ ಬ್ಯಾಂಕುಗಳ ಸಾಲ ಮತ್ತು ಮನೆಬಾಗಿಲಿಗೆ ಬಂದು ನೋಡುವ ರಿಪೇರಿಯವನು, ಇವೆರಡನ್ನೂ ಅವರು ದೀಪದ ಜೊತೆಗೇ ಕೊಟ್ಟರು. ನಮ್ಮಲ್ಲಿ ಮಾರಿದವನು ಮತ್ತೆ ಮುಖ ತೋರಿಸುವುದಿಲ್ಲ. ಆದ್ದರಿಂದ ಆ ರಿಪೇರಿಯವನ ಕೆಲಸವನ್ನು ನಾವೇ ಕಲಿಯಬೇಕಾಗಿದೆ.

ಕೊನೆಗೆ ಅಪಾಯಗಳು, ಇವನ್ನು ಮನೆಯ ಹೆಣ್ಣುಮಕ್ಕಳಿಗೂ ಓದಿ ಹೇಳಿ. ಚಾರ್ಜಾಗುವ ಬ್ಯಾಟರಿಯಿಂದ ಜಲಜನಕ ಅನಿಲ ಹೊರಡುತ್ತದೆ, ಒಂದು ಕಿಡಿ ಸಾಕು ಸಿಡಿಯಲು. ಅದರ ಹತ್ತಿರ ಬೀಡಿ, ಒಲೆ ಬೇಡ. ಬ್ಯಾಟರಿಯ ಮೇಲೆ ಮಾತೆ ಮರಿಯಮ್ಮನವರ ಪಟವಿಟ್ಟು ಮೇಣದಬತ್ತಿ ಹಚ್ಚಿದ್ದನ್ನು ನಾವು ಒಂದು ಕಡೆ ಕಣ್ಣಾರೆ ಕಂಡು ಓಡಿಹೋಗಿ ಆರಿಸಿದ್ದೇವೆ. ಭಕ್ತಿಗೆ ಬೇರೆ ಜಾಗ ಮಾಡಿಕೊಡಿ. ಪಾನಾ ಎರಡೂ ಗುಂಡಿಗೆ ಒಮ್ಮೆಲೇ ತಾಗದಂತೆ ನೋಡಿ, ಕೈಯ ಉಂಗುರ ಬಳೆ ತೆಗೆದಿಡಿ. ಬೂಸಲು ಹಿಡಿದ ಗುಂಡಿಯನ್ನು ಸೋಡಾಪುಡಿಯ ನೀರಿನಿಂದ ತೊಳೆದು, ಸೋಡಾ ನೀರು ಒಳಗೆ ಇಳಿಯದಂತೆ ಮುಚ್ಚಳ ಬಿಗಿಯಾಗಿರಲಿ, ಒಣಗಿಸಿ ವ್ಯಾಸಲೀನ್ ಸವರಿ. ಆಮ್ಲ ಕಣ್ಣಿಗೆ ಸಿಡಿದರೆ ಎಣ್ಣೆ, ಹಾಲು ಏನೂ ಹಾಕದೆ ಇಪ್ಪತ್ತು ನಿಮಿಷ ಬಿಡದೆ ನೀರು ಹರಿಸಿ, ಆಮೇಲೆ ಕಣ್ಣಿನ ಡಾಕ್ಟರ ಬಳಿಗೆ. ಸತ್ತ ಬ್ಯಾಟರಿಯನ್ನು ಒಡೆದು ಬಲೆಯ ಗುಂಡಿಗೆಂದು ಸೀಸ ಕರಗಿಸುವುದು ಮಹಾಪಾಪ ಎಂದೇ ನಾವು ಹೇಳುತ್ತೇವೆ: ಆ ಹೊಗೆ, ಆ ಪುಡಿ ಮಕ್ಕಳ ಮೆದುಳಿಗೆ ಇಳಿದರೆ ತಿರುಗಿ ಬರುವುದಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯದನ್ನು ಹಿಂದಕ್ಕೆ ಪಡೆಯುವ ಹೊಣೆ ತಯಾರಕರದು. ಅಂಗಡಿಗೆ ಕೊಟ್ಟರೆ ಹೊಸದರ ಬೆಲೆಯಲ್ಲಿ ಸ್ವಲ್ಪ ಮುರಿದುಕೊಳ್ಳುತ್ತಾರೆ.

ಹಾವಿನ ಮಾತು ಎತ್ತಿದ್ದರಿಂದ ಇಷ್ಟು: ಕಟ್ಟುಹಾವು ನೆಲದಲ್ಲಿ ಮಲಗಿದವರನ್ನು ನಿದ್ದೆಯಲ್ಲಿಯೇ ಕಚ್ಚುತ್ತದೆ, ನೋವೂ ಆಗದು. ದೀಪವಿದ್ದರೂ ಮಂಚದ ಮೇಲೆ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ ಮಲಗಿ. ಕಚ್ಚಿದರೆ ಕೊಯ್ಯುವುದು, ಬಿಗಿದು ಕಟ್ಟುವುದು, ಮಂತ್ರ ಹಾಕಿಸುವುದು ಯಾವುದೂ ಬೇಡ. ಕೈಕಾಲು ಅಲುಗಿಸದೆ ನೇರ ಸರ್ಕಾರಿ ಆಸ್ಪತ್ರೆಗೆ.

ಬೇವಿನ ಕೆಳಗೆ ಕಾದಿದ್ದ ಆ ರೈತರು ಈಗ ಗುಡಿಸಲಿನ ಕಂಬಕ್ಕೆ ಒಂದು ಕ್ಯಾಲೆಂಡರು ತೂಗುಹಾಕಿ, ಪ್ರತಿ ದಿನದ ಮನೆಯಲ್ಲಿ ಬೆಳಗಿನ ವೋಲ್ಟು ಬರೆಯುತ್ತಾರೆ. ನಾಲ್ಕನೆಯ ಬ್ಯಾಟರಿ ಟ್ಯೂಬ್ಯುಲರ್. ಟೊಂಗೆ ಕಡಿದಾಯಿತು, ಪ್ಯಾನೆಲ್ ದಕ್ಷಿಣಕ್ಕೆ ತಿರುಗಿತು. ಹೋದ ವಾರ ನಾವು ಹೋದಾಗ ಏಳು ದಿನದ ಅಂಕಿಗಳಲ್ಲಿ ನಾಲ್ಕು 12.5ರ ಮೇಲಿದ್ದವು, ಒಂದು 12.2. "ಅದು ಅಮಾಸಿ ರಾತ್ರಿರಿ, ಹಂದಿ ಭಾಳ ಬಂದಿದ್ವು" ಎಂದು ತಾಯಿಯವರೇ ಲೆಕ್ಕ ಒಪ್ಪಿಸಿದರು.

ನಮ್ಮ ಧರ್ಮಕೇಂದ್ರದ ಕಚೇರಿಯಲ್ಲಿ ಒಂದು ಮೀಟರು, ಒಂದು ಹೈಡ್ರೋಮೀಟರು ತಂದಿಟ್ಟಿದ್ದೇವೆ. ಭಾನುವಾರ ಪೂಜೆಯ ನಂತರ ಯಾರು ಬೇಕಾದರೂ ಒಯ್ದು ಅಳೆದು ಬುಧವಾರದೊಳಗೆ ತಂದುಕೊಡಬಹುದು. ಹೈಡ್ರೋಮೀಟರು ಗಾಜಿನದು, ಸೈಕಲ್ಲಿನ ಕ್ಯಾರಿಯರಿಗೆ ಕಟ್ಟದೆ ಕೈಯಲ್ಲಿ ಹಿಡಿದು ಒಯ್ಯಿರಿ.